ಗಂಡನ ಕನಸಿಗೆ ಜೊತೆ ನಿಂತೆ, ಈಗ ನಮ್ಮಿಬ್ಬರ ನಡುವೆ ಮಾತೇ ಕಮ್ಮಿಯಾಗಿದೆ

ಪ್ರಶ್ನೆ

ನನ್ನ ಗಂಡ ಕೆಲಸ ಬಿಟ್ಟು ಸ್ವಂತ ಕಂಪನಿ ಶುರು ಮಾಡಿದರು. ಧೈರ್ಯವಾಗಿ ಬಿಡಿ ಅಂತ ಹೇಳಿದ್ದೇ ನಾನು. ಮನೆ ಖರ್ಚು ಪೂರ್ತಿ ನನ್ನ ಸಂಬಳದಲ್ಲಿ ನಡೆಯುತ್ತಿದೆ. ಅದಕ್ಕೆ ಬೇಸರ ಇಲ್ಲ.

ಹೋದ ವಾರ ನನಗೆ ಪ್ರಮೋಷನ್ ಆಯಿತು. ಓಡಿ ಬಂದು ಹೇಳಿದೆ. ಲ್ಯಾಪ್‌ಟಾಪ್‌ನಿಂದ ತಲೆ ಎತ್ತಲಿಲ್ಲ. "ಒಳ್ಳೇದಾಯ್ತು, ಕಂಪನಿಗೆ ಇನ್ನೂ ಸ್ವಲ್ಪ ಟೈಮ್ ಸಿಕ್ಕಿತು" ಅಂದರು. ನನ್ನ ಖುಷಿಯೂ ಅವರ ಲೆಕ್ಕದ ಪುಸ್ತಕಕ್ಕೆ ಸೇರಿಹೋಯಿತು. ಜಗಳ ಆಡುವುದಿಲ್ಲ, ಬೈಯುವುದಿಲ್ಲ. ಮೊದಲು "ಮೊದಲನೇ ಕಸ್ಟಮರ್ ಸಿಗಲಿ, ಆಮೇಲೆ ಆರಾಮಾಗಿರೋಣ" ಅನ್ನುತ್ತಿದ್ದರು. ಈಗ "ಫಂಡಿಂಗ್ ಬರಲಿ" ಅನ್ನುತ್ತಾರೆ. ಪ್ರೀತಿ ಹೀಗೇ ಸವೆದುಹೋಗುತ್ತದಾ?

ಉತ್ತರ 1

ಶುರುವಿನ ವರ್ಷಗಳು ಎಲ್ಲರಿಗೂ ಕಷ್ಟವೇ. ಸ್ವಲ್ಪ ತಾಳ್ಮೆ ಇರಲಿ ಅಕ್ಕ.

ಉತ್ತರ 2

ತಾಳ್ಮೆ ಅವರ ಹತ್ತಿರ ಬೇಕಾದಷ್ಟಿದೆ, ಅದನ್ನು ಮತ್ತೆ ಕೇಳಬೇಡಿ.

ಮೇಡಂ, ಆ ಪ್ರಮೋಷನ್ ವಿಷಯ ಸಣ್ಣದಲ್ಲ. ಶೆಲ್ಲಿ ಗೇಬಲ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಸಂಗಡಿಗರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಷ್ಟ ಹೇಳಿಕೊಂಡಾಗ ಸಂಗಾತಿ ಹೇಗೆ ಸ್ಪಂದಿಸುತ್ತಾರೆ ಅನ್ನುವುದಕ್ಕಿಂತ, ಒಳ್ಳೆಯ ಸುದ್ದಿ ಹೇಳಿದಾಗ ಹೇಗೆ ಸ್ಪಂದಿಸುತ್ತಾರೆ ಅನ್ನುವುದಕ್ಕೂ ಸಂಬಂಧದ ಆರೋಗ್ಯಕ್ಕೂ ಹೆಚ್ಚು ನಂಟು ಕಂಡಿತು. ನಿಮಗೆ ನೋವಾಗಿದ್ದು ಸಹಜ.

ಹಾಗಂತ ಮಹತ್ವಾಕಾಂಕ್ಷೆಯೇ ಶತ್ರು ಅಂತ ನಾನು ಒಪ್ಪುವುದಿಲ್ಲ. 1903ರ ನೊಬೆಲ್ ಬಹುಮಾನಕ್ಕೆ ಮೊದಲು ವಿಜ್ಞಾನಿ ದಂಪತಿ ಕ್ಯೂರಿಗಳಲ್ಲಿ ಗಂಡ ಪಿಯರೆ ಹೆಸರಷ್ಟೇ ಓಡಾಡುತ್ತಿತ್ತು. ಹೆಂಡತಿ ಮೇರಿಯ ಹೆಸರೂ ಸೇರಬೇಕು ಅಂತ ಪಿಯರೆ ಪತ್ರ ಬರೆದರು, ಸೇರಿತು. ಇನ್ನೊಂದು ಕಡೆ ಐನ್‌ಸ್ಟೈನ್ ಮತ್ತು ಮಿಲೆವಾ. ಒಟ್ಟಿಗೆ ಭೌತಶಾಸ್ತ್ರ ಓದಿ ಪ್ರೀತಿಸಿದವರು. 1914ರಲ್ಲಿ ಐನ್‌ಸ್ಟೈನ್ ಹೆಂಡತಿಗೆ ಷರತ್ತುಗಳ ಪಟ್ಟಿ ಬರೆದುಕೊಟ್ಟರು: ಬಟ್ಟೆ, ಊಟ ಹೊತ್ತಿಗೆ ಸರಿಯಾಗಿ ಆಗಬೇಕು, ಆತ್ಮೀಯತೆ ನಿರೀಕ್ಷಿಸಬಾರದು. 1919ರಲ್ಲಿ ವಿಚ್ಛೇದನ ಆಯಿತು. ಮುಂದೆ ಬರಬಹುದಾದ ನೊಬೆಲ್ ಹಣ ಮಿಲೆವಾಗೆ ಅಂತ ಒಪ್ಪಂದ ಇತ್ತು, ಬಂದ ಮೇಲೆ ಕೊಟ್ಟರು. ಆದರೆ ಆ ಹೆಂಗಸು ಕಳೆದುಕೊಂಡಿದ್ದು ಹಣವನ್ನಲ್ಲ, ಅಲ್ವಾ? ಎರಡು ಕಡೆಯೂ ಆಸೆ ದೊಡ್ಡದೇ ಇತ್ತು. ಒಬ್ಬರು ಹೆಂಡತಿಯ ಕೆಲಸವನ್ನೂ ತನ್ನದರಷ್ಟೇ ದೊಡ್ಡದು ಅಂದುಕೊಂಡರು. ಇನ್ನೊಬ್ಬರಿಗೆ ಮನೆ ತನ್ನ ಕೆಲಸಕ್ಕೆ ಅನುಕೂಲ ಮಾಡಿಕೊಡುವ ಜಾಗವಾಯಿತು.

ನಿಮ್ಮವರು ಕೆಟ್ಟವರಲ್ಲ ಅನಿಸುತ್ತದೆ. ಆದರೆ ನೀವು ಸುಮ್ನೆ ಇದ್ದರೆ ಅವರಿಗೆ ಎಲ್ಲಾ ಚೆನ್ನಾಗಿದೆ ಅಂತಲೇ ಅನಿಸುತ್ತದೆ.

ಉತ್ತರ 3

"ಆಮೇಲೆ" ಅನ್ನುವುದಕ್ಕೆ ಒಂದು ತಾರೀಕು ಕೇಳಿ. ಎಲ್ಲಿಯವರೆಗೆ ಸಂಬಳವಿಲ್ಲದೆ ನಡೆಸುವುದು, ವಾರದಲ್ಲಿ ಯಾವ ಹೊತ್ತು ಕಂಪನಿ ಮಾತು ಬೇಡ, ಇಬ್ಬರೂ ಕೂತು ಬರೆಯಿರಿ. ಬರೀ "ಟೈಮ್ ಕೊಡಿ" ಅಂದರೆ ಕಿವಿಗೆ ಬೀಳುವುದಿಲ್ಲ. "ಪ್ರಮೋಷನ್ ದಿನ ನನಗೆ ಹೀಗನಿಸಿತು" ಅಂತ ಆ ಒಂದೇ ಘಟನೆ ಹೇಳಿ.

ಪ್ರಶ್ನೆ ಕೇಳಿದವರು

ಈ ಭಾನುವಾರ ಅವರಿಗೆ ಯಾವ ಕಾಲ್ ಕೂಡ ಇಲ್ಲ. ತಾರೀಕಿನ ಮಾತು ಆವತ್ತೇ ತೆಗೆಯುತ್ತೇನೆ.