ಷಾರ್ಲೆಟ್ ಹಾರ್ನೆಟ್ಸ್ ಮುಂದಿರುವ ದಾರಿ: ಹೆಸರಾಂತ ಆಟಗಾರನನ್ನು ತರುವುದೇ, ತಂಡವನ್ನು ಹೊಸದಾಗಿ ಕಟ್ಟುವುದೇ?

ಪ್ರಶ್ನೆ, ಷಾರ್ಲೆಟ್‌ನಿಂದ, ಜುಲೈ 2025

ಎಲ್ಲರಿಗೂ ನಮಸ್ಕಾರ. ಉತ್ತರ ಕೆರೊಲಿನಾಕ್ಕೆ ಬಂದು ನೆಲೆಸಿದಾಗಿನಿಂದ ಎನ್‌ಬಿಎ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್) ತಂಡವಾದ ಹಾರ್ನೆಟ್ಸ್ ನಮ್ಮ ಮನೆಯವರೆಲ್ಲರ ತಂಡವಾಗಿದೆ. 2016ರ ನಂತರ ಅದು ಒಮ್ಮೆಯೂ ಪ್ಲೇಆಫ್ (ಪ್ರಶಸ್ತಿಗಾಗಿ ನಡೆಯುವ ಕೊನೆಯ ಹಂತ) ತಲುಪಿಲ್ಲ. ಈಗ ಮುಗಿದ ಸೀಸನ್ನಿನಲ್ಲಿ 82 ಪಂದ್ಯಗಳ ಪೈಕಿ ಗೆದ್ದದ್ದು 19 ಮಾತ್ರ. ಲಮೆಲೊ ಬಾಲ್‌ಗೆ ಆಗಸ್ಟ್‌ನಲ್ಲಿ 24 ತುಂಬುತ್ತದೆ, ಬ್ರಾಂಡನ್ ಮಿಲ್ಲರ್‌ಗೆ 22, ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಡ್ರಾಫ್ಟ್‌ನ ನಾಲ್ಕನೆಯ ಸ್ಥಾನದಲ್ಲಿ ಬಂದ ಕಾನ್ ಕ್ನೂಪಲ್ ಇನ್ನೂ ಹೊಸಬ. ಮುಂದಿನ ವರ್ಷಗಳ ಮೊದಲ ಸುತ್ತಿನ ಪಿಕ್‌ಗಳನ್ನು (ಡ್ರಾಫ್ಟ್‌ನಲ್ಲಿ ಆರಿಸುವ ಹಕ್ಕುಗಳನ್ನು) ಕೊಟ್ಟಾದರೂ ಬಾಲ್ ಜೊತೆಗೆ ಒಬ್ಬ ಸಿದ್ಧ ಆಟಗಾರನನ್ನು ತರಬೇಕೆಂದು ಕೆಲವು ಗೆಳೆಯರು ಹೇಳಿದರೆ, ಬಾಲ್‌ನನ್ನೂ ಟ್ರೇಡ್ ಮಾಡಿ (ಬೇರೆ ತಂಡಕ್ಕೆ ವಿನಿಮಯವಾಗಿ ಕೊಟ್ಟು) ಮೊದಲಿನಿಂದ ಆರಂಭಿಸಬೇಕೆಂದು ಉಳಿದವರು ವಾದಿಸುತ್ತಾರೆ. ತಮ್ಮ ಊರಿನ ತಂಡ ಇಂಥ ಸ್ಥಿತಿಯನ್ನು ದಾಟಿದ್ದನ್ನು ಹತ್ತಿರದಿಂದ ನೋಡಿದವರು ದಯವಿಟ್ಟು ಅನುಭವ ತಿಳಿಸಿ.

ನ್ಯೂಜೆರ್ಸಿಯಿಂದ

ನೆಟ್ಸ್ ತಂಡ ನಮ್ಮ ರಾಜ್ಯದಲ್ಲಿದ್ದಾಗಲೂ, 2012ರಲ್ಲಿ ಬ್ರೂಕ್ಲಿನ್‌ಗೆ ಹೋದ ಮೇಲೂ ಅದರ ಆಟವನ್ನು ಬಿಡದೆ ನೋಡಿದವನು ನಾನು. ಆದ್ದರಿಂದ ಪಿಕ್‌ಗಳನ್ನು ಕೊಟ್ಟು ಹೆಸರಾಂತರನ್ನು ತರುವ ದಾರಿಯ ಬಗ್ಗೆ ನನಗೆ ಸ್ಪಷ್ಟ ಅಭಿಪ್ರಾಯವಿದೆ.

2013ರ ಬೇಸಿಗೆಯಲ್ಲಿ ನೆಟ್ಸ್ ಬಾಸ್ಟನ್‌ನಿಂದ ಕೆವಿನ್ ಗಾರ್ನೆಟ್, ಪಾಲ್ ಪಿಯರ್ಸ್ ಮತ್ತು ಜೇಸನ್ ಟೆರ್ರಿ ಅವರನ್ನು ತಂದಿತು. ಪ್ರತಿಯಾಗಿ ಕೆಲವು ಆಟಗಾರರ ಜೊತೆಗೆ 2014, 2016 ಮತ್ತು 2018ರ ಮೊದಲ ಸುತ್ತಿನ ಪಿಕ್‌ಗಳನ್ನೂ, 2017ರ ಪಿಕ್ ಅನ್ನು ಅದಲುಬದಲು ಮಾಡಿಕೊಳ್ಳುವ ಹಕ್ಕನ್ನೂ ಕೊಟ್ಟಿತು. ಆಗ ಗಾರ್ನೆಟ್‌ಗೆ 37 ವರ್ಷ. ನೆಟ್ಸ್‌ನ ಅಂಗಣವಾದ ಬಾರ್ಕ್ಲೇಸ್ ಸೆಂಟರ್‌ನಲ್ಲಿ ಕುಳಿತು ನೋಡುವಾಗ ಅವರ ಅನುಭವದ ಬೆಲೆ ಏನೆಂಬುದು ತಿಳಿಯುತ್ತಿತ್ತು: ರಕ್ಷಣೆಯಲ್ಲಿ ಉಳಿದ ನಾಲ್ವರು ಎಲ್ಲಿ ನಿಲ್ಲಬೇಕೆಂದು ಕೈ ತೋರಿಸಿ, ಗಂಟಲು ಹರಿಯುವಂತೆ ಕೂಗಿ ಹೇಳುತ್ತಿದ್ದರು. ಆದರೆ ಎದುರಾಳಿ ಪಕ್ಕದಿಂದ ನುಗ್ಗಿದಾಗ ಮೊದಲಿನಂತೆ ಅವರ ಕಾಲು ಓಡುತ್ತಿರಲಿಲ್ಲ. ಆ ಸೀಸನ್ನಿನಲ್ಲಿ ಅವರ ಸರಾಸರಿ 6.5 ಅಂಕಕ್ಕೆ ಇಳಿಯಿತು. ಆಟಗಾರರ ಸಂಬಳ ಮಿತಿ ಮೀರಿದ್ದಕ್ಕೆ ಮಾಲೀಕರು ಲೀಗ್‌ಗೆ ಕಟ್ಟಬೇಕಾದ ಲಕ್ಷುರಿ ಟ್ಯಾಕ್ಸ್ ಒಂದೇ 9 ಕೋಟಿ ಡಾಲರ್ ದಾಟಿತು. ಇಷ್ಟಕ್ಕೆಲ್ಲ ಸಿಕ್ಕಿದ್ದು 44 ಗೆಲುವು ಮತ್ತು ಟೊರಾಂಟೊ ವಿರುದ್ಧ ಒಂದು ಪ್ಲೇಆಫ್ ಸರಣಿಯ ಜಯ. ಎರಡು ವರ್ಷ ತುಂಬುವಷ್ಟರಲ್ಲಿ ಮೂವರೂ ತಂಡದಲ್ಲಿರಲಿಲ್ಲ.

ನೋವಿನ ಕಾಲ ಬಂದದ್ದು ಅದರ ನಂತರ. 2015-16ರಲ್ಲಿ 21, ಮರುವರ್ಷ 20 ಪಂದ್ಯಗಳನ್ನಷ್ಟೇ ಗೆದ್ದೆವು. ಹೆಚ್ಚು ಸೋತವರಿಗೆ ಡ್ರಾಫ್ಟ್‌ನಲ್ಲಿ ಮುಂದಿನ ಸರದಿ ಸಿಗುವ ಸಾಧ್ಯತೆ ಹೆಚ್ಚಾದ್ದರಿಂದ, ಬೇರೆ ತಂಡಗಳಿಗೆ ಇಷ್ಟು ಸೋಲಿನ ಕೊನೆಯಲ್ಲಿ ಒಬ್ಬ ಒಳ್ಳೆಯ ಹುಡುಗನಾದರೂ ಸಿಗುತ್ತಾನೆ. ನಮ್ಮ ಸೋಲಿನ ಫಲ ಬಾಸ್ಟನ್‌ಗೆ ಹೋಗುತ್ತಿತ್ತು. 2016ರ ಪಿಕ್‌ನಿಂದ ಅವರು ಜೇಲನ್ ಬ್ರೌನ್‌ನನ್ನು ಪಡೆದರು. 2017ರಲ್ಲಿ ಮೊದಲ ಸ್ಥಾನವೇ ನಮಗೆ ಬಂದಿತ್ತು, ಅದನ್ನೂ ಅವರು ತಮ್ಮದಾಗಿಸಿಕೊಂಡು, ಫಿಲಡೆಲ್ಫಿಯಾ ಜೊತೆ ಟ್ರೇಡ್ ಮಾಡಿ ಮೂರನೆಯ ಸ್ಥಾನಕ್ಕೆ ಇಳಿದು ಜೇಸನ್ ಟೇಟಮ್‌ನನ್ನು ಆರಿಸಿದರು. 2024ರಲ್ಲಿ ಬಾಸ್ಟನ್ ಚಾಂಪಿಯನ್ ಆದಾಗ ಆ ತಂಡದ ಬೆನ್ನೆಲುಬಾಗಿದ್ದವರು ಈ ಇಬ್ಬರೇ. ಸ್ವಂತ ಪಿಕ್‌ಗಳನ್ನು ಕೊಟ್ಟು ಇಳಿವಯಸ್ಸಿನ ಆಟಗಾರರನ್ನು ತರುವುದು ಬಿತ್ತನೆಗೆಂದು ಎತ್ತಿಟ್ಟ ಬೀಜವನ್ನು ಅಡುಗೆಗೆ ಬಳಸಿದಂತೆ ಎಂದು ನಾನು ಅಂದಿನಿಂದ ನಂಬಿದ್ದೇನೆ. 19 ಪಂದ್ಯ ಗೆದ್ದ ತಂಡ ಈ ಸಾಹಸಕ್ಕೆ ಇಳಿಯಲೇಬಾರದು.

ಫಿಲಡೆಲ್ಫಿಯಾದಿಂದ

ನ್ಯೂಜೆರ್ಸಿಯವರ ಮಾತನ್ನು ಒಪ್ಪುತ್ತೇನೆ. ಆದರೆ ಎಲ್ಲರನ್ನೂ ಕಳುಹಿಸಿ ಸೋಲುತ್ತಾ ಕುಳಿತರೆ ಒಳ್ಳೆಯದು ತಾನಾಗಿಯೇ ಆಗುತ್ತದೆ ಎನ್ನುವವರಿಗೆ ನಮ್ಮ ಊರಿನ ಕಥೆಯನ್ನೂ ಹೇಳಬೇಕು. 2013ರಲ್ಲಿ ಸ್ಯಾಮ್ ಹಿಂಕಿ ಜನರಲ್ ಮ್ಯಾನೇಜರ್ ಆಗಿ ಬಂದ ಮೇಲೆ ನಮ್ಮ ತಂಡ ಸೆವೆಂಟಿಸಿಕ್ಸರ್ಸ್ ಮೂರು ಸೀಸನ್ನುಗಳಲ್ಲಿ ಕ್ರಮವಾಗಿ 19, 18 ಮತ್ತು 10 ಪಂದ್ಯಗಳನ್ನು ಗೆದ್ದಿತು. ಆ ದಿನಗಳಲ್ಲಿ ಅಂಗಣಕ್ಕೆ ಹೋದಾಗ ನನ್ನನ್ನು ಹೆಚ್ಚು ಕಾಡಿದ್ದು ಖಾಲಿ ಕುರ್ಚಿಗಳಲ್ಲ. ಪಂದ್ಯದ ಕೊನೆಯ ಎರಡು ನಿಮಿಷಗಳಲ್ಲಿ ಚೆಂಡು ಯಾರ ಕೈಗೆ ಹೋಗಬೇಕೆಂಬುದು ಆಡುತ್ತಿದ್ದ ಐವರು ಹುಡುಗರಲ್ಲಿ ಯಾರಿಗೂ ಗೊತ್ತಿದ್ದಂತೆ ಕಾಣುತ್ತಿರಲಿಲ್ಲ. ಹೇಳಿಕೊಡಬಲ್ಲ ಹಿರಿಯ ಆಟಗಾರನೂ ಪಕ್ಕದಲ್ಲಿರಲಿಲ್ಲ. ಕೋಚ್ ಬ್ರೆಟ್ ಬ್ರೌನ್ ಅವರ ತಾಳ್ಮೆಯನ್ನು ನಾನು ಇಂದಿಗೂ ಗೌರವಿಸುತ್ತೇನೆ, ಆದರೆ ಕೋಚ್ ಒಬ್ಬರಿಂದ ಆಗುವ ಕೆಲಸ ಅದಲ್ಲ.

ಡ್ರಾಫ್ಟ್‌ನ ಮೊದಮೊದಲ ಸ್ಥಾನದ ಪಿಕ್‌ಗಳೇನೋ ಸಿಕ್ಕವು. ಅವುಗಳಿಂದ ಬಂದವರಲ್ಲಿ ಜೋಯಲ್ ಎಂಬೀಡ್ ಪಾದದ ಗಾಯದಿಂದ ಮೊದಲ ಎರಡು ಸೀಸನ್ ಪೂರ್ತಿ ಹೊರಗುಳಿದು, ನಂತರ 2023ರಲ್ಲಿ ಎಂವಿಪಿ (ಸೀಸನ್ನಿನ ಅತ್ಯಂತ ಮೌಲ್ಯಯುತ ಆಟಗಾರ) ಆದರು. ಜಲೀಲ್ ಓಕಾಫರ್ ಮತ್ತು ಮಾರ್ಕೆಲ್ ಫುಲ್ಟ್ಸ್ ನಿಲ್ಲಲಿಲ್ಲ, ಬೆನ್ ಸಿಮನ್ಸ್ ಕೊನೆಗೆ ತಂಡವನ್ನೇ ಬಿಟ್ಟರು. 2018ರಿಂದ 2023ರ ನಡುವೆ ಐದು ಬಾರಿ ಎರಡನೆಯ ಸುತ್ತಿನಲ್ಲೇ ಸೋತೆವು. ಅದನ್ನು ದಾಟಲು ಒಮ್ಮೆಯೂ ಆಗಲಿಲ್ಲ.

ಪ್ಲೇಆಫ್ ತಲುಪದ ತಂಡಗಳ ಪಿಕ್ ಸರದಿಯನ್ನು ಲಾಟರಿ ಎತ್ತಿ ನಿರ್ಧರಿಸುತ್ತಾರೆ; ಅಂದು ಅದರಲ್ಲಿ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಪಿಕ್ ಸಿಗುವ ಸಾಧ್ಯತೆ ಶೇ. 25 ಇತ್ತು. 2019ರಿಂದ ಕೊನೆಯ ಮೂರು ತಂಡಗಳಿಗೂ ಸಮನಾಗಿ ಶೇ. 14 ಮಾಡಿದ್ದಾರೆ. ಈ ವರ್ಷದ ಲಾಟರಿಯನ್ನೇ ನೋಡಿ: 17 ಪಂದ್ಯ ಗೆದ್ದ ಯೂಟಾ ಐದನೆಯ ಸ್ಥಾನಕ್ಕೆ, 18 ಗೆದ್ದ ವಾಷಿಂಗ್ಟನ್ ಆರಕ್ಕೆ, ನೀವು ನಾಲ್ಕಕ್ಕೆ ಇಳಿದಿರಿ. ಶೇ. 1.8ರಷ್ಟು ಮಾತ್ರ ಅವಕಾಶವಿದ್ದ ಡಲಾಸ್ ಮೊದಲ ಸ್ಥಾನ ಗೆದ್ದು ಕೂಪರ್ ಫ್ಲಾಗ್‌ನನ್ನು ಪಡೆಯಿತು. ಬೇಕೆಂದೇ ಸೋಲುವುದಕ್ಕೆ ಹಿಂದೆ ಸಿಗುತ್ತಿದ್ದ ಪ್ರತಿಫಲ ಈಗ ಸಿಗುವುದಿಲ್ಲ.

ಒಕ್ಲಹೋಮ ಸಿಟಿಯಿಂದ

ಟ್ರೇಡ್ ಮಾಡುವುದು ಮತ್ತು ತಂಡವನ್ನು ಹೊಸದಾಗಿ ಕಟ್ಟುವುದು ಬೇರೆ ಬೇರೆ ದಾರಿಗಳೆಂದು ಮೇಲಿನ ಚರ್ಚೆ ಊಹಿಸಿಕೊಂಡಂತಿದೆ. ನಮ್ಮಲ್ಲಿ ಟ್ರೇಡ್‌ನಿಂದಲೇ ತಂಡ ಕಟ್ಟುವ ಕೆಲಸ ಶುರುವಾಯಿತು. 2019ರಲ್ಲಿ ಪಾಲ್ ಜಾರ್ಜ್ ಅವರನ್ನು ಕ್ಲಿಪ್ಪರ್ಸ್ ತಂಡಕ್ಕೆ ಕೊಟ್ಟು ಐದು ಮೊದಲ ಸುತ್ತಿನ ಪಿಕ್‌ಗಳನ್ನೂ, ಆಗ ಒಂದೇ ಸೀಸನ್ ಆಡಿದ್ದ ಶೇ ಗಿಲ್ಜಸ್-ಅಲೆಕ್ಸಾಂಡರ್‌ನನ್ನೂ ಪಡೆದರು. ಆ ಪಿಕ್‌ಗಳಲ್ಲೊಂದು 2022ರಲ್ಲಿ ಹನ್ನೆರಡನೆಯ ಸ್ಥಾನದಲ್ಲಿ ಜೇಲನ್ ವಿಲಿಯಮ್ಸ್ ಆಯಿತು. ನಡುವೆ ಕಷ್ಟದ ದಿನಗಳೂ ಇದ್ದವು. 2021ರ ಡಿಸೆಂಬರ್ 2ರಂದು ಮೆಂಫಿಸ್ ನಮ್ಮನ್ನು 73 ಅಂಕಗಳಿಂದ ಸೋಲಿಸಿತು, ಎನ್‌ಬಿಎ ಇತಿಹಾಸದಲ್ಲಿ ಅಷ್ಟು ದೊಡ್ಡ ಅಂತರದ ಸೋಲು ಇನ್ನೊಂದಿಲ್ಲ. ಆದರೆ ತಂಡ ಹಳೆಯ ಆಟಗಾರರನ್ನು ಕೊಂಡು ಆ ಅವಮಾನವನ್ನು ಮುಚ್ಚಿಕೊಳ್ಳಲು ಹೋಗಲಿಲ್ಲ. ಗೆಲುವು 24ರಿಂದ 40ಕ್ಕೆ, 40ರಿಂದ 57ಕ್ಕೆ ಏರಿತು. ಹುಡುಗರು ಗೆಲ್ಲಬಲ್ಲರೆಂದು ಖಚಿತವಾದ ಮೇಲಷ್ಟೇ, 2024ರ ಬೇಸಿಗೆಯಲ್ಲಿ, ಅಲೆಕ್ಸ್ ಕರೂಸೊ ಮತ್ತು ಐಸಾಯಾ ಹಾರ್ಟೆನ್‌ಸ್ಟೈನ್ ಬಂದರು. ಕಳೆದ ತಿಂಗಳು ನಾವು ಚಾಂಪಿಯನ್ ಆದೆವು.

ಸ್ಯಾಕ್ರಮೆಂಟೊದಿಂದ

ನಮ್ಮ ಕಿಂಗ್ಸ್ 16 ಸೀಸನ್ ಪ್ಲೇಆಫ್ ಕಾಣದೆ ಕಳೆದ ತಂಡ. 2022ರಲ್ಲಿ ಯುವಕ ಟೈರೀಸ್ ಹ್ಯಾಲಿಬರ್ಟನ್‌ನನ್ನು ಇಂಡಿಯಾನಾಗೆ ಕೊಟ್ಟು ಡೊಮಾಂಟಸ್ ಸಬೋನಿಸ್‌ನನ್ನು ತಂದರು. ಮರುವರ್ಷವೇ 48 ಗೆಲುವು ಬಂತು; ಪ್ರತಿ ಗೆಲುವಿನ ರಾತ್ರಿ ಅಂಗಣದ ಮೇಲಿಂದ ಆಕಾಶಕ್ಕೆ ನೇರಳೆ ಬೆಳಕು ಚಿಮ್ಮುತ್ತಿದ್ದುದನ್ನು ಊರೆಲ್ಲ ನೋಡಿದೆವು. ಆ ಒಂದು ವರ್ಷದ ಸಂತೋಷ ಬೆಲೆಯಿಲ್ಲದ್ದೆಂದು ನಾನು ಎಂದೂ ಹೇಳುವುದಿಲ್ಲ. ಆದರೆ ಈ ವರ್ಷ ಹ್ಯಾಲಿಬರ್ಟನ್ ಇಂಡಿಯಾನಾವನ್ನು ಫೈನಲ್ಸ್‌ನ ಏಳನೆಯ ಪಂದ್ಯದವರೆಗೆ ಒಯ್ದಾಗ, ನಾವು 40 ಗೆಲುವಿನೊಂದಿಗೆ ಹೊರಗಿದ್ದೆವು. ಯುವಕನನ್ನು ಕೊಡುವ ಮುನ್ನ ಅವನಿಂದ ಮುಂದಿನ ಆರು ವರ್ಷಗಳಲ್ಲಿ ಏನು ಸಿಗಬಹುದೆಂದು ಲೆಕ್ಕ ಹಾಕಿ.

ಮತ್ತೆ ಷಾರ್ಲೆಟ್‌ನಿಂದ

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಲಮೆಲೊ ಬಾಲ್‌ನನ್ನು ಏನು ಮಾಡಬೇಕು? ಕಳೆದ ಮೂರು ಸೀಸನ್ನುಗಳಲ್ಲಿ ಗಾಯದಿಂದಾಗಿ ಅವನು ಆಡಿದ್ದು 36, 22 ಮತ್ತು 47 ಪಂದ್ಯ.

ನ್ಯೂಜೆರ್ಸಿಯಿಂದ

ಅದೇ ಕಾರಣಕ್ಕೆ ಈಗ ಕಳುಹಿಸಬಾರದು. ಇಂದು ಕೊಳ್ಳುವವರು ಅವನ ಆಟಕ್ಕಲ್ಲ, ಕಣಕಾಲಿಗೆ ಬೆಲೆ ಕಟ್ಟುತ್ತಾರೆ. ಮಿಲ್ಲರ್ ಮತ್ತು ಕ್ನೂಪಲ್ ಜೊತೆ ಅವನು ಒಂದು ಸೀಸನ್ ಬಹುಪಾಲು ಆಡಲಿ. ಅಲ್ಲಿಯವರೆಗೆ ಸ್ವಂತ ಪಿಕ್ ಒಂದನ್ನೂ ಬಿಟ್ಟುಕೊಡಬೇಡಿ. ಟೆರ್ರಿ ರೋಜಿಯರ್ ಮತ್ತು ಪಿ.ಜೆ. ವಾಷಿಂಗ್ಟನ್ ಅವರನ್ನು ಕೊಟ್ಟು ಮಯಾಮಿ ಮತ್ತು ಡಲಾಸ್‌ನಿಂದ ಕೆಲವು ಷರತ್ತುಗಳೊಂದಿಗೆ ಪಡೆದ ಪಿಕ್‌ಗಳೂ ನಿಮ್ಮ ಬಳಿ ಇವೆ. ಫಿಲಡೆಲ್ಫಿಯಾದವರು ಹೇಳಿದ ಕೊರತೆ ಬಾರದಿರಲು ದುಬಾರಿಯಲ್ಲದ ಒಬ್ಬಿಬ್ಬರು ಹಿರಿಯ ಆಟಗಾರರನ್ನು ಕಡಿಮೆ ಅವಧಿಯ ಒಪ್ಪಂದದ ಮೇಲೆ ಇಟ್ಟುಕೊಳ್ಳಲಿ. ದೊಡ್ಡ ಟ್ರೇಡ್‌ಗೆ ಕಾಲ ಯಾವುದೆಂದು ಕ್ಲೀವ್‌ಲ್ಯಾಂಡ್ ತೋರಿಸಿದೆ: ಡೇರಿಯಸ್ ಗಾರ್ಲಂಡ್ ಮತ್ತು ಇವಾನ್ ಮೋಬ್ಲಿ ಜೊತೆ 44 ಪಂದ್ಯ ಗೆದ್ದ ಮೇಲೆ, 2022ರ ಸೆಪ್ಟೆಂಬರ್‌ನಲ್ಲಿ, ಅದು ಮೂರು ಪಿಕ್ ಕೊಟ್ಟು ಡೊನೊವನ್ ಮಿಚೆಲ್‌ನನ್ನು ತಂದಿತು. ಆಗ ಮಿಚೆಲ್‌ಗೂ 25 ವರ್ಷ, ಗಾರ್ನೆಟ್‌ನಂತೆ 37 ಅಲ್ಲ. ಹಾರ್ನೆಟ್ಸ್ ತನ್ನ ಹುಡುಗರ ಬಲದಿಂದಲೇ 40ರ ಆಸುಪಾಸಿಗೆ ಬಂದ ವರ್ಷ ಈ ಪ್ರಶ್ನೆಯನ್ನು ಮತ್ತೆ ಎತ್ತಿದರೆ ನನ್ನ ಉತ್ತರ ಬೇರೆಯೇ ಇರುತ್ತದೆ.