ಉತ್ತರ ಸರಿ, ಕಾರಣ ತಪ್ಪು: ಇದನ್ನು ಹಿಡಿಯುವ ಪರೀಕ್ಷೆ ಹೇಗೆ?

ಪ್ರಶ್ನೆ: ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಮಕ್ಕಳು ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ತಪ್ಪಿಲ್ಲದೆ ಬರೆಯುತ್ತಾರೆ. ‘ಗಿಡ ಹಗಲಲ್ಲಿ ಉಸಿರಾಡುತ್ತದೆಯೇ?’ ಎಂದರೆ ಮಾತ್ರ ‘ಇಲ್ಲ, ರಾತ್ರಿ ಮಾತ್ರ’ ಎನ್ನುತ್ತಾರೆ. ಇಂಥ ತಪ್ಪು ಕಲ್ಪನೆಗಳನ್ನು ಪಾಠಕ್ಕೆ ಮೊದಲೇ ಪತ್ತೆ ಹಚ್ಚುವುದು ಹೇಗೆ?

ಉತ್ತರ (ಶಿಕ್ಷಕರ ತರಬೇತುದಾರರು): ಎರಡು ಹಂತದ ಪ್ರಶ್ನೆ ಕೊಡಿ. ಮೊದಲ ಹಂತದಲ್ಲಿ ಉತ್ತರ, ಎರಡನೆಯದರಲ್ಲಿ ಅದಕ್ಕೆ ಕಾರಣ. ಆಸ್ಟ್ರೇಲಿಯಾದ ವಿಜ್ಞಾನ ಶಿಕ್ಷಣ ಸಂಶೋಧಕ ಡೇವಿಡ್ ಟ್ರೆಗಸ್ಟ್ ಈ ಕ್ರಮವನ್ನು ಬೆಳೆಸಿದವರು. ಅವರು ಹ್ಯಾಸ್ಲಮ್ ಜೊತೆಗೂಡಿ 1987ರಲ್ಲಿ ಪ್ರಕಟಿಸಿದ ಪರೀಕ್ಷೆ ನೀವು ಕೇಳಿದ ವಿಷಯದ ಮೇಲೆಯೇ ಇದೆ.

ನನ್ನದೊಂದು ಮಾದರಿ: ‘ಒಳ್ಳೆಯ ಬಿಸಿಲಿನಲ್ಲಿ ಹಸಿರೆಲೆಯಿಂದ ಹೆಚ್ಚಾಗಿ ಹೊರಬರುವ ಅನಿಲ ಆಮ್ಲಜನಕವೋ, ಇಂಗಾಲದ ಡೈಆಕ್ಸೈಡೋ?’ ಬಹುತೇಕ ಎಲ್ಲರೂ ಆಮ್ಲಜನಕ ಎಂದೇ ಗುರುತು ಹಾಕುತ್ತಾರೆ. ಈಗ ಕಾರಣ ಕೇಳಿ:
ಅ) ಬೆಳಕಿರುವಾಗ ಗಿಡ ಉಸಿರಾಡುವುದಿಲ್ಲ.
ಆ) ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಆಮ್ಲಜನಕ ಬಿಡುವುದೇ ಗಿಡದ ಉಸಿರಾಟ.
ಇ) ಉಸಿರಾಟ ನಡೆದೇ ಇರುತ್ತದೆ, ದ್ಯುತಿಸಂಶ್ಲೇಷಣೆಯ ವೇಗ ಅದಕ್ಕಿಂತ ಹೆಚ್ಚು.
ಈ) ಬೇರು ಹೀರಿದ ಆಮ್ಲಜನಕ ಎಲೆಯಿಂದ ಹೊರಬರುತ್ತದೆ.

ಸರಿಯಾದ ಕಾರಣ ‘ಇ’. ಆಮ್ಲಜನಕ ಎಂದು ಬರೆದು ‘ಅ’ ಆರಿಸಿದವರನ್ನೇ ನೀವು ಹುಡುಕುತ್ತಿರುವುದು. ಮಾಮೂಲಿ ಪರೀಕ್ಷೆಯಲ್ಲಿ ಅವರಿಗೆ ಪೂರ್ಣ ಅಂಕ ಸಿಗುತ್ತಿತ್ತು! ಊಹೆಯ ಆಟಕ್ಕೂ ಕಡಿವಾಣ ಬೀಳುತ್ತದೆ: ಎರಡೂ ಹಂತ ಕುರುಡಾಗಿ ಸರಿಹೋಗುವ ಸಾಧ್ಯತೆ ಎಂಟರಲ್ಲಿ ಒಂದು.

ತಪ್ಪು ಆಯ್ಕೆಗಳನ್ನು ಮಾತ್ರ ನೀವೇ ಕುಳಿತು ಹೊಸೆಯಬೇಡಿ. ಮೊದಲ ಸಲ ಕಾರಣದ ಜಾಗ ಖಾಲಿ ಬಿಡಿ, ಮಕ್ಕಳೇ ಬರೆಯಲಿ. ಅವರ ವಾಕ್ಯಗಳನ್ನು ಆದಷ್ಟು ಹಾಗೆಯೇ ಎತ್ತಿಕೊಳ್ಳಿ. ಶಿಕ್ಷಕರ ಕಲ್ಪನೆಯ ತಪ್ಪುಗಳು ಮಕ್ಕಳ ತಪ್ಪುಗಳಷ್ಟು ಜಾಣತನದವಲ್ಲ. ಅಂಕವನ್ನಂತೂ ಕೊಡಲೇಬೇಡಿ. ಕೊಟ್ಟರೆ ನಿಮಗೆ ಬೇಕಾದುದನ್ನೇ ಬರೆಯುತ್ತಾರೆ.

ಮರುಪ್ರಶ್ನೆ: ‘ರಾತ್ರಿ ಹುಣಸೆ ಮರದ ಕೆಳಗೆ ಮಲಗಬೇಡ’ ಎಂದು ಮನೆಯಲ್ಲಿ ಹೇಳುತ್ತಾರಲ್ಲ, ಈ ಕಲ್ಪನೆಯ ಮೂಲ ಅದೇ ಇರಬಹುದೇ?

ಉತ್ತರ: ಸ್ವಲ್ಪ ಇರಬಹುದು. ಆದರೆ ಅಜ್ಜಿಯರಿಗಿಂತ ನಮ್ಮ ಕಪ್ಪುಹಲಗೆಯ ಮೇಲೆ ನನಗೆ ಹೆಚ್ಚು ಅನುಮಾನ. ಸೂರ್ಯನ ಕೆಳಗೆ ದ್ಯುತಿಸಂಶ್ಲೇಷಣೆ, ಚಂದ್ರನ ಕೆಳಗೆ ಉಸಿರಾಟ ಎಂದು ಚಿತ್ರ ಬರೆಯುವವರು ನಾವೇ.

ಮರುಪ್ರಶ್ನೆ: ಪತ್ತೆಯಾದ ಮೇಲೆ?

ಉತ್ತರ: ‘ತಪ್ಪು’ ಎಂದು ಹೇಳಿದರೆ ಕಲ್ಪನೆ ಕದಲುವುದಿಲ್ಲ. ಬೈಕಾರ್ಬನೇಟ್ ಸೂಚಕ (ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಹಳದಿ, ತಗ್ಗಿದರೆ ನೇರಳೆಯಾಗುವ ಕೆಂಪು ದ್ರವ) ತುಂಬಿದ ಮೂರು ಪ್ರನಾಳಗಳಲ್ಲಿ ಹೈಡ್ರಿಲ್ಲಾ ಎಂಬ ನೀರಿನ ಗಿಡ ಇಟ್ಟು ಬಿರಡೆ ಹಾಕಿ. ಕತ್ತಲಲ್ಲಿಟ್ಟದ್ದು ಹಳದಿಯಾಗುತ್ತದೆ, ಬಿಸಿಲಿನದು ನೇರಳೆ. ಸರಿಯಾದ ಮಂದ ಬೆಳಕಿನಲ್ಲಿ ಕೆಂಪು ಹಾಗೆಯೇ ಉಳಿಯುತ್ತದೆ, ಏಕೆಂದರೆ ಎರಡೂ ಕ್ರಿಯೆಗಳು ಸಮವೇಗದಲ್ಲಿ ನಡೆದಿರುತ್ತವೆ. ಅದು ಏಕೆ ಬದಲಾಗಲಿಲ್ಲ ಎಂದು ಮಕ್ಕಳನ್ನೇ ಕೇಳಿ. ‘ಎರಡೂ ನಿಂತುಹೋಗಿವೆ’ ಎನ್ನುವವನೊಬ್ಬ ಇದ್ದೇ ಇರುತ್ತಾನೆ. ಅವನ ವಾಕ್ಯವನ್ನು ಬರೆದಿಟ್ಟುಕೊಳ್ಳಿ, ಮುಂದಿನ ವರ್ಷದ ಪ್ರಶ್ನೆಗೆ ಬೇಕಾಗುತ್ತದೆ.