ಎಲ್ಲದಕ್ಕೂ ‘ಫಾಂಟ್ ಹೋಗಿದೆ’ ಅಂತಾರೆ: ಸಹಾಯ ಚೀಟಿಯಲ್ಲಿ ಯಾವ ಪದ ಬರೆಯೋಣ?

ಡೆಸ್ಕ್_3:
ಕಚೇರಿಯ ಟೈಪಿಂಗ್ ಸಿಬ್ಬಂದಿಗೆ ಒಂದು ಪುಟದ ಸಹಾಯ ಚೀಟಿ ಮಾಡ್ಬೇಕು. ಬರೋ ದೂರೆಲ್ಲ ಒಂದೇ ಸಾಲು: ‘ಸರ್, ಫಾಂಟ್ ಹೋಗಿದೆ.’ ಹೋಗಿ ನೋಡಿದರೆ ಒಬ್ಬರ ಫೈಲಲ್ಲಿ ಬರೀ ಚೌಕ, ಇನ್ನೊಬ್ಬರದ್ದರಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ, ಮತ್ತೊಬ್ಬರಿಗೆ ಕೀ ಒತ್ತಿದರೆ ಕನ್ನಡವೇ ಬೀಳಲ್ಲ. ಫಾಂಟ್, ಎನ್‌ಕೋಡಿಂಗ್ (ಅಕ್ಷರ ಫೈಲಿನೊಳಗೆ ಯಾವ ಸಂಕೇತವಾಗಿ ಉಳಿಯುತ್ತೆ ಅನ್ನೋದು), ಕೀಬೋರ್ಡ್ ಲೇಔಟ್ (ಯಾವ ಕೀಗೆ ಯಾವ ಅಕ್ಷರ ಅನ್ನೋದು) ಅಂತ ಬಿಡಿಸಿ ಬರೆಯೋದಾ, ಅವರ ಮಾತಲ್ಲೇ ಬಿಡೋದಾ?

ಅರ್ಕಾವತ್ತು:
ತಲೆಬರಹದಲ್ಲಿ ಅವರ ಕಣ್ಣಿಗೆ ಬೀಳೋದನ್ನೇ ಹಾಕಿ. ‘ಎನ್‌ಕೋಡಿಂಗ್ ಸಮಸ್ಯೆ’ ಅಂದರೆ ಅದು ತಮ್ಮದೇ ತೊಂದರೆ ಅಂತ ಯಾರಿಗೂ ಹೊಳೆಯಲ್ಲ. ಸರಿಯಾದ ಪದ ಪರಿಹಾರದ ಸಾಲಿನಲ್ಲಿ ಬರಲಿ.

ಚೌಕ ಕಂಡರೆ ಮಾತ್ರ ಅದು ನಿಜವಾಗಿ ಫಾಂಟ್ ವಿಷಯ. ಬರಹ ಯೂನಿಕೋಡ್‌ನಲ್ಲೇ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿ) ಇದೆ, ಆಯ್ದ ಫಾಂಟಿನಲ್ಲಿ ಕನ್ನಡ ಇಲ್ಲ. ನಿರ್ಮಲಾ ಯುಐ ಅಥವಾ ತುಂಗಾ ಹಾಕಿದರೆ ಮುಗೀತು.

ಕಲಸುಮೇಲೋಗರ ಹಾಗಲ್ಲ. ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ (ಯೂನಿಕೋಡ್‌ಗೂ ಮುಂಚಿನ ಸಂಕೇತ ಪದ್ಧತಿ) ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ‘ಕನ್ನಡ’ ಅಂತ ಹೊಡೆದರೆ ಫೈಲಿನೊಳಗೆ ಉಳಿಯೋದು ಏಳು ಗುರುತು: ದೊಡ್ಡ ಪಿ, ತಲೆಮೇಲೆ ಗೀಟಿರೋ ಎ, ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಎಸ್ಸೆಟ್ (ß), ಸಣ್ಣ ಕ್ಯೂ, ಇನ್ನೊಂದು ಗೀಟಿನ ಎ. ಯೂನಿಕೋಡ್‌ನಲ್ಲಿ ಅದೇ ಪದಕ್ಕೆ ಐದೇ ಸಂಕೇತ. ನುಡಿಯ ‘ನ’ ಪೌಂಡ್ ಚಿಹ್ನೆಯಿಂದಲೇ ಶುರುವಾಗೋದು. ‘ನ’ ಇಲ್ಲದ ಕನ್ನಡ ಪುಟ ಎಲ್ಲಿದೆ? ಹಾಗಾಗಿ ಫೋನಲ್ಲಿ ‘ಪೌಂಡ್ ಚಿಹ್ನೆ ಕಾಣ್ತಿದೆಯಾ ಮೇಡಂ?’ ಅಂತ ಕೇಳಿದರೆ ಅರ್ಧ ಕೆಲಸ ಆದಂತೆ.

ಇಂಥವರಿಗೆ ‘ಫಾಂಟ್ ಬದಲಿಸಿ’ ಅಂದುಬಿಟ್ಟರೆ ತುಂಗಾ ಹಾಕಿ, ಚೆನ್ನಾಗಿ ಕಾಣ್ತಿದ್ದ ಪುಟಗಳನ್ನೂ ಕಲಸಿಬಿಡ್ತಾರೆ. ಓದೋಕೆ, ಪ್ರಿಂಟ್ ತೆಗೆಯೋಕೆ ಆದರೆ ಅದೇ ನುಡಿ ಫಾಂಟ್ ಇನ್‌ಸ್ಟಾಲ್ ಮಾಡಿಕೊಡಿ. ಮೇಲ್‌ಗೆ, ವೆಬ್‌ಸೈಟಿಗೆ ಹೋಗಬೇಕಾದ್ದಾದರೆ ಯೂನಿಕೋಡ್‌ಗೆ ಪರಿವರ್ತಿಸಲೇಬೇಕು.

ಸ್ಕ್ರೋಲ್‌ಲಾಕ್:
ತಲೆಬರಹದ ಮಾತು ಒಪ್ತೀನಿ. ಆದರೆ ದೂರಿನ ರಿಜಿಸ್ಟರಿನಲ್ಲಿ ‘ಫಾಂಟ್ ಸರಿಪಡಿಸಲಾಗಿದೆ’ ಅಂತ ಬರೆಯಬೇಡಿ, ಮುಂದೆ ನೋಡೋರಿಗೆ ಏನು ಮಾಡಿದಿರಿ ಅಂತಲೇ ತಿಳಿಯಲ್ಲ.

ಕನ್ನಡ ಬೀಳದಿದ್ದರೆ ಮೊದಲು ಯಾವುದರಲ್ಲಿ ಟೈಪ್ ಮಾಡ್ತಾರೆ ಕೇಳಿ. ವಿಂಡೋಸ್‌ನದೇ ಕೀಬೋರ್ಡ್ ಆದರೆ ವಿಂಡೋಸ್ ಕೀ ಜೊತೆ ಸ್ಪೇಸ್. ಹಳೆಯ ನುಡಿಯಲ್ಲಿ ಸ್ಕ್ರೋಲ್ ಲಾಕ್, ‘ಬರಹ’ ಅನ್ನೋ ತಂತ್ರಾಂಶದಲ್ಲಿ ಎಫ್11. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಸ್ಕ್ರೋಲ್ ಲಾಕ್ ಕೀಯೇ ಇರಲ್ಲ. ಆನ್‌ಸ್ಕ್ರೀನ್ ಕೀಬೋರ್ಡ್ ತೆರೆದು ಅಲ್ಲಿ ಒತ್ತಿಸಿ.

ಕನ್ನಡ ಬೀಳ್ತಿದೆ, ಆದರೆ ತಪ್ಪು ಅಕ್ಷರ ಬರ್ತಿದೆ ಅಂದರೆ ಲೇಔಟ್. ಕಗಪ ಅನ್ನೋ ಕೀಬೋರ್ಡ್ ವಿನ್ಯಾಸದಲ್ಲಿ ಡಿ ಕೀಗೆ ‘ದ’, ಇನ್‌ಸ್ಕ್ರಿಪ್ಟ್ ಅನ್ನೋ ಇನ್ನೊಂದು ವಿನ್ಯಾಸದಲ್ಲಿ ಅದೇ ಕೀಗೆ ಒತ್ತಕ್ಷರದ ಗುರುತು. ಅದೂ ಅವರ ಲೆಕ್ಕದಲ್ಲಿ ‘ಫಾಂಟೇ’.

ಡೆಸ್ಕ್_3:
ಪೌಂಡ್ ಚಿಹ್ನೆ ಪ್ರಶ್ನೆ ಚೀಟಿಯ ಮೊದಲ ಸಾಲಿಗೇ ಹೋಯ್ತು. ಪರಿವರ್ತನೆಯನ್ನ ಅವರ ಕೈಗೇ ಕೊಡಬಹುದಾ? ಹಾಗೇ ಕಂಪ್ಯೂಟರಿನ ಕ್ಯಾಬಿನೆಟ್ಟಿಗೆ (ಹೊರಪೆಟ್ಟಿಗೆಗೆ) ಸಿಪಿಯು ಅನ್ನೋದನ್ನೂ ತಿದ್ದಬೇಕಾ?

ಅರ್ಕಾವತ್ತು:
ಕೊಡಿ, ಮೂಲ ಫೈಲಿನ ಪ್ರತಿ ಇಟ್ಟುಕೊಂಡ ಮೇಲೆ. ಬರಹದ ನಡುವೆ ಇಂಗ್ಲಿಷ್ ಪದ ಇದ್ದರೆ ಪರಿವರ್ತಕ ಅದನ್ನೂ ನುಡಿ ಅಂದುಕೊಂಡು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತೆ. ಇಮೇಲ್ ವಿಳಾಸಗಳು ಕೆಡೋದು ಹೀಗೇ. ‘ರ‍್ಯಾಂಕ್’, ‘ರ‍್ಯಾಲಿ’ ಥರದ ಪದಗಳನ್ನೂ ಕಣ್ಣಾಡಿಸಿ. ‘ರ’ ಆದಮೇಲೆ ಝೀರೋ ವಿಡ್ತ್ ಜಾಯಿನರ್ ಅನ್ನೋ ಕಾಣದ ಗುರುತು ಬಿಟ್ಟುಹೋದರೆ ಅರ್ಕಾವತ್ತು ಬಂದು ‘ರ್ಯಾಂಕ್’ ಆಗಿರುತ್ತೆ.

ಸಿಪಿಯು ಹಾಗೇ ಇರಲಿ ಬಿಡಿ, ‘ಸಿಪಿಯು ಆನ್ ಮಾಡಿ’ ಅಂದರೆ ಯಾರೂ ಪ್ರೊಸೆಸರ್ ಹುಡುಕಲ್ಲ. ಬಿಡಿಭಾಗದ ಕೊಟೇಶನ್ನಿನಲ್ಲಿ ಮಾತ್ರ ಪ್ರೊಸೆಸರ್, ಎಸ್‌ಎಂಪಿಎಸ್ (ವಿದ್ಯುತ್ ಪೂರೈಸೋ ಭಾಗ), ಕ್ಯಾಬಿನೆಟ್ ಅಂತ ಒಂದೊಂದನ್ನೂ ಬೇರೆ ಸಾಲಲ್ಲಿ ಬರೆಯಿರಿ.